ಮರಿಗಳ ನಡಿಗೆಯ ದಾರಿ: ಹರ್ರಾನಿನಿಂದ ಬೇರ್ಷೆಬದವರೆಗೆ

ಮೊದಲ ದಿನ: ಹರ್ರಾನ್

ಹೀಬ್ರೂ ಧರ್ಮಗ್ರಂಥದ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ಯಾಕೋಬನು ಇಪ್ಪತ್ತು ವರ್ಷ ದುಡಿದ ಮನೆಯನ್ನು ಬಿಟ್ಟು, ಹೆಂಡಿರು, ದಾಸಿಯರು, ಹನ್ನೊಂದು ಗಂಡುಮಕ್ಕಳು, ಒಬ್ಬ ಮಗಳು ಮತ್ತು ದೊಡ್ಡ ಹಿಂಡುಗಳೊಂದಿಗೆ ಕಾನಾನ್ ದೇಶಕ್ಕೆ, ಅಂದರೆ ಇಂದಿನ ಇಸ್ರೇಲ್ ಪ್ಯಾಲೆಸ್ಟೀನ್ ಪ್ರದೇಶಕ್ಕೆ, ಮರಳುವ ಪ್ರಸಂಗವಿದೆ. ಆ ದಾರಿಯನ್ನು ಕಣ್ಣಾರೆ ಕಾಣಬೇಕೆಂದು 2019ರ ಮಾರ್ಚ್ ತಿಂಗಳಲ್ಲಿ ನನ್ನ ಸೋದರಮಾವನವರೊಂದಿಗೆ ತುರ್ಕಿಯ ಆಗ್ನೇಯ ಭಾಗದ ಉರ್ಫಾ ನಗರಕ್ಕೆ ಬಂದೆ. ನಾನು ನಾಲ್ಕು ವರ್ಷ ಹೀಬ್ರೂ ಕಲಿತವನು. ಮಾವನವರು ಚಳ್ಳಕೆರೆ ಸೀಮೆಯಲ್ಲಿ ಇಪ್ಪತ್ತೆರಡನೆಯ ವಯಸ್ಸಿನವರೆಗೆ ಕುರಿ ಕಾಯ್ದವರು. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ಭದ್ರಾ ನಾಲೆಯ ಕಡೆಗೆ ವಲಸೆ ಹೋಗುತ್ತಿದ್ದವರು. ನಾನು ಓದಿದ್ದನ್ನು ಅವರ ಮುಂದಿಟ್ಟು ಕೇಳಬೇಕೆಂಬುದು ಬಹುದಿನದ ಆಸೆಯಾಗಿತ್ತು.

ಉರ್ಫಾದಿಂದ ಹರ್ರಾನಿಗೆ ಸುಮಾರು 45 ಕಿಲೋಮೀಟರ್. ಕನ್ನಡ ಸತ್ಯವೇದದಲ್ಲಿ ಈ ಊರು ಖಾರಾನ್ ಎಂದಿದೆ. ಅಬ್ರಹಾಮನ ತಂದೆ ತೆರಹನು ಊರ್ ಎಂಬ ಪಟ್ಟಣವನ್ನು ಬಿಟ್ಟು ಮಗ, ಸೊಸೆ, ಮೊಮ್ಮಗನನ್ನು ಕರೆದುಕೊಂಡು ಹೊರಟು, ಕಾನಾನನ್ನು ಮುಟ್ಟದೆ ಇಲ್ಲೇ ನೆಲೆನಿಂತು ಇಲ್ಲೇ ತೀರಿಕೊಂಡನು. ಎರಡು ತಲೆಮಾರು ಕಳೆದ ಮೇಲೆ ಅಬ್ರಹಾಮನ ಮೊಮ್ಮಗ ಯಾಕೋಬನು ಅಣ್ಣನ ಕೋಪಕ್ಕೆ ಹೆದರಿ ಇಲ್ಲಿಗೇ ಓಡಿಬಂದನು. ಈಗ ಬಯಲಿನ ಬಹುಪಾಲು ಹುಲ್ಲುಗಾವಲಾಗಿ ಉಳಿದಿಲ್ಲ. ಯೂಫ್ರೆಟಿಸ್ ನದಿಗೆ ಕಟ್ಟಿದ ಅತಾತುರ್ಕ್ ಅಣೆಕಟ್ಟಿನ ನೀರು 1995ರಿಂದ ಸುರಂಗಗಳ ಮೂಲಕ ಇಲ್ಲಿಗೆ ಹರಿಯುತ್ತಿದ್ದು, ಎತ್ತ ನೋಡಿದರೂ ಗೋಧಿಯ ಹಸಿರು ಮತ್ತು ಹತ್ತಿಗೆಂದು ಹಸನು ಮಾಡಿದ ಹೊಲಗಳು ಕಂಡವು. ಜೇನುಗೂಡಿನ ಆಕಾರದ ಮಣ್ಣಿಟ್ಟಿಗೆಯ ಮನೆಗಳನ್ನು ನೋಡಲು ಪ್ರವಾಸಿಗಳು ಬರುತ್ತಾರೆ. ನಾವು ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಊರಾಚೆಯ ಕುರಿಹಿಂಡಿನ ಬಳಿಗೆ ನಡೆದೆವು.

ಅವು ಅವಾಸಿ ತಳಿಯ ಕುರಿಗಳು. ಮೈ ಬಿಳಿ, ಮುಖ ಕಂದು, ಹಿಂದೆ ಅಗಲವಾದ ಕೊಬ್ಬಿನ ಬಾಲ. ಮಾವನವರು ಒಂದು ಕುರಿಯ ಬಾಲವನ್ನು ಅಂಗೈಯಲ್ಲಿ ಎತ್ತಿ ಹಿಡಿದು ತೂಕ ನೋಡಿ, "ಬರಗಾಲಕ್ಕೆ ಬೆನ್ನ ಹಿಂದೇ ಬುತ್ತಿ ಕಟ್ಟಿಕೊಂಡಿದೆ ನೋಡಪ್ಪ" ಎಂದರು. ಅದೇ ಧರ್ಮಗ್ರಂಥದ ಮೂರನೆಯ ಪುಸ್ತಕವಾದ ಯಾಜಕಕಾಂಡದಲ್ಲಿ ಸಮಾಧಾನಯಜ್ಞದ ಕುರಿಯ ಬಾಲದ ಕೊಬ್ಬನ್ನು ಬೆನ್ನೆಲುಬಿನ ಬುಡದಿಂದ ಪೂರ್ತಿಯಾಗಿ ತೆಗೆದು ಅರ್ಪಿಸಬೇಕೆಂಬ ವಿಧಿಯನ್ನು ಓದಿದಾಗಲೆಲ್ಲ ನಮ್ಮ ಕುರಿಗಳ ಗೇಣುದ್ದದ ಬಾಲ ನೆನಪಾಗಿ ನನಗೆ ಅರ್ಥವೇ ಆಗುತ್ತಿರಲಿಲ್ಲ. ಅಂದು ಅದು ತಿಳಿಯಾಯಿತು.

ಇನ್ನೊಂದು ಸಂಗತಿಯೂ ಅಲ್ಲೇ ಬಿಡಿಸಿಕೊಂಡಿತು. ಯಾಕೋಬನು ದುಡಿದ ಮನೆಯ ಒಡೆಯ ಲಾಬಾನನು ಅವನ ತಾಯಿ ರೆಬೆಕ್ಕಳ ಅಣ್ಣ, ಅಂದರೆ ಯಾಕೋಬನಿಗೆ ಸೋದರಮಾವ. ಹೆಣ್ಣುಮಕ್ಕಳಿಬ್ಬರನ್ನೂ ಕೊಟ್ಟ ಮೇಲೆ ಹೆಣ್ಣು ಕೊಟ್ಟ ಮಾವ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು ಇರುವುದರಿಂದ ಈ ಸಂಬಂಧದ ಬಿಗಿ ನಮಗೆ ಬೇಗ ತಿಳಿಯುತ್ತದೆ. ಹದಿನಾಲ್ಕು ವರ್ಷ ಹೆಂಡಿರಿಗಾಗಿ ದುಡಿದ ಮೇಲೆ ಯಾಕೋಬನು ಕೂಲಿಯಾಗಿ ಕೇಳಿದ್ದು ಕಪ್ಪು ಬಣ್ಣದ ಕುರಿಗಳನ್ನು ಹಾಗೂ ಚುಕ್ಕೆ ಮಚ್ಚೆಗಳುಳ್ಳ ಮೇಕೆಗಳನ್ನು ಮಾತ್ರ. ನಮ್ಮ ಮುಂದಿದ್ದ ನೂರಕ್ಕೂ ಹೆಚ್ಚು ಕುರಿಗಳಲ್ಲಿ ಮೈಯೆಲ್ಲ ಕಪ್ಪಾಗಿದ್ದವು ಎರಡು. ಮೇಕೆಗಳೆಲ್ಲ ಕಪ್ಪು, ಚುಕ್ಕೆಯದು ಒಂದೂ ಇರಲಿಲ್ಲ. ಕೇಳಿದ್ದು ಎಷ್ಟು ಕಡಿಮೆ ಕೂಲಿ, ಲಾಬಾನನು ಅಷ್ಟು ಬೇಗ ಏಕೆ ಒಪ್ಪಿದನು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ಅಷ್ಟರಿಂದಲೂ ಅಳಿಯನು ಬೆಳೆದಾಗ ಮಾವನ ಮುಖ ಬದಲಾಯಿತು. ಲಾಬಾನನ ಕಿರಿಮಗಳ ಹೆಸರಾದ ರಾಹೇಲ್ ಎಂದರೆ ಹೀಬ್ರೂವಿನಲ್ಲಿ ಹೆಣ್ಣುಕುರಿ; ಮಗಳಿಗೆ ಕುರಿಯ ಹೆಸರಿಟ್ಟ ಮನೆಯಲ್ಲಿ ಎಲ್ಲ ಲೆಕ್ಕವೂ ಕುರಿಯಿಂದಲೇ ನಡೆಯುತ್ತಿತ್ತು.

ಯಾಕೋಬನು ಮಾವನಿಗೆ ಕೊಡುವ ಕೊನೆಯ ಉತ್ತರವು ಸಂಬಳಕ್ಕೆ ಕುರಿ ಕಾಯುವವನ ದೂರಾಗಿ ಇಂದಿಗೂ ಜೀವಂತವಾಗಿದೆ. ಹಗಲು ಬಿಸಿಲು, ಇರುಳು ಕೊರೆವ ಚಳಿ ನನ್ನನ್ನು ತಿಂದವು. ಕಣ್ಣಿಗೆ ನಿದ್ದೆ ಹತ್ತಲಿಲ್ಲ. ನಿನ್ನ ಕುರಿಗಳು ಕಂದು ಹಾಕಲಿಲ್ಲ. ಮೃಗ ಸೀಳಿದ್ದನ್ನು ನಾನು ನಿನ್ನ ಮುಂದೆ ತರಲಿಲ್ಲ, ನಷ್ಟವನ್ನು ನಾನೇ ತುಂಬಿದೆನು ಎನ್ನುತ್ತಾನೆ. ಸೀಳಿದ್ದನ್ನು ತರಲಿಲ್ಲ ಎಂಬ ಮಾತಿನ ಹಿಂದೆ ಒಂದು ಕಟ್ಟಳೆ ಇದೆ. ಬ್ಯಾಬಿಲೋನಿನ ಹಮ್ಮುರಾಬಿಯ ಶಾಸನದ ಪ್ರಕಾರ ಸಿಂಹ ಬಿದ್ದು ಸತ್ತ ಕುರಿಯ ನಷ್ಟ ಒಡೆಯನದು, ಕುರುಬನ ಅಲಕ್ಷ್ಯದಿಂದ ಆದ ನಷ್ಟ ಕುರುಬನದು. ಧರ್ಮಗ್ರಂಥದ ಎರಡನೆಯ ಪುಸ್ತಕವಾದ ವಿಮೋಚನಾಕಾಂಡದ ನಿಯಮವು, ಮೃಗ ಸೀಳಿದ್ದಾದರೆ ಉಳಿದ ಭಾಗವನ್ನು ಸಾಕ್ಷಿಗೆ ತರಬೇಕು, ತಂದವನು ದಂಡ ತೆರಬೇಕಿಲ್ಲ ಎನ್ನುತ್ತದೆ. ಸಿಂಹದ ಬಾಯಿಂದ ಕುರುಬನು ಎರಡು ಕಾಲನ್ನೋ ಕಿವಿಯ ತುಂಡನ್ನೋ ಕಿತ್ತುತರುವಂತೆ ಎಂದು ಪ್ರವಾದಿ ಆಮೋಸನು ಹೇಳುವಾಗಲೂ ಅವನ ಮನಸ್ಸಿನಲ್ಲಿರುವುದು ಈ ಸಾಕ್ಷಿಯೇ ಇರಬೇಕು. ಇದನ್ನು ಹೇಳಿದಾಗ ಮಾವನವರು ತಲೆಯಾಡಿಸಿ, ತೋಳ ಹೊಡೆದ ಕುರಿಯ ಕಿವಿಯನ್ನು ತಾವೂ ಒಡೆಯರ ಅಂಗಳಕ್ಕೆ ತಂದಿಟ್ಟಿದ್ದುಂಟೆಂದರು. ಆ ವರ್ಷ ಒಡೆಯರು ನಂಬಲಿಲ್ಲವಂತೆ. ಅದನ್ನು ಹೇಳುವಾಗ ಐವತ್ತು ವರ್ಷದ ಮೇಲೂ ಅವರ ದನಿ ಸ್ವಲ್ಪ ಬಿಗಿಯಿತು.

ಎರಡನೆಯ ದಿನ: ಆಕಾಶಮಾರ್ಗ

ನಡುವೆ ಇರುವ ಸಿರಿಯಾ ದೇಶವನ್ನು ಆಗ ರಸ್ತೆಯಲ್ಲಿ ದಾಟುವಂತಿರಲಿಲ್ಲವಾದ್ದರಿಂದ ಉರ್ಫಾದಿಂದ ಇಸ್ತಾಂಬುಲಿಗೂ ಅಲ್ಲಿಂದ ಜೋರ್ಡಾನಿನ ಅಮ್ಮಾನಿಗೂ ವಿಮಾನದಲ್ಲಿ ಹೋದೆವು. ಲಾಬಾನನು ಉಣ್ಣೆ ಕತ್ತರಿಸಲು ಹೋಗಿದ್ದ ಸಮಯ ನೋಡಿ ಯಾಕೋಬನು ಹೊರಟನೆಂದೂ, ಮೂರನೆಯ ದಿನ ಸುದ್ದಿ ತಿಳಿದ ಲಾಬಾನನು ಏಳು ದಿನ ಬೆನ್ನಟ್ಟಿ ಜೋರ್ಡಾನ್ ನದಿಯ ಪೂರ್ವಕ್ಕಿರುವ ಗಿಲ್ಯಾದಿನ ಬೆಟ್ಟದಲ್ಲಿ ಹಿಡಿದನೆಂದೂ ಆದಿಕಾಂಡ ಹೇಳುತ್ತದೆ. ಹರ್ರಾನಿನಿಂದ ಗಿಲ್ಯಾದಿಗೆ ನೇರ ಲೆಕ್ಕದಲ್ಲಿಯೇ ಸುಮಾರು 600 ಕಿಲೋಮೀಟರ್. ನಾನು ಈ ಲೆಕ್ಕವನ್ನು ಹೇಳಿದಾಗ ಮಾವನವರು ಒಪ್ಪಲಿಲ್ಲ. "ಮರಿಗಳಿದ್ದರೆ ದಿನಕ್ಕೆ ಮೂರು ಹರಿದಾರಿ ನಡೆದರೆ ಹೆಚ್ಚು. ಹತ್ತು ದಿನದಲ್ಲಿ ಇಷ್ಟು ದೂರ ಹೊಡೆದರೆ ಅರ್ಧ ಹಿಂಡು ದಾರಿಯಲ್ಲೇ ಬೀಳುತ್ತದೆ" ಎಂದರು. ಕಥೆ ಹೇಳಿದವನು ಇಲ್ಲಿ ಒಂಟೆಯ ಮೇಲೆ ಬೆನ್ನಟ್ಟುವವನ ವೇಗದಲ್ಲಿ ದಿನಗಳನ್ನು ಎಣಿಸಿದ್ದಾನೆಂದು ನನಗೆ ತೋರುತ್ತದೆ. ಹಿಂಡಿನ ವೇಗ ಅವನಿಗೆ ಗೊತ್ತಿರಲಿಲ್ಲವೆಂದು ಹೇಳಲು ಮಾತ್ರ ಬಾರದು. ಎರಡೇ ಅಧ್ಯಾಯಗಳ ನಂತರ ಅದನ್ನೇ ಅವನು ಬಾಯಿಬಿಟ್ಟು ಹೇಳುತ್ತಾನೆ.

ಮೂರನೆಯ ದಿನ: ಯಬ್ಬೋಕ್ ಹೊಳೆ

ಯಬ್ಬೋಕ್ ಹೊಳೆಗೆ ಈಗ ಜರ್ಕಾ ಎಂದು ಹೆಸರು. ಅಮ್ಮಾನಿನ ಉತ್ತರಕ್ಕೆ ಬೆಟ್ಟಗಳ ನಡುವೆ ಆಳವಾದ ಕಣಿವೆಯಲ್ಲಿ ಹರಿದು, ಕಿಂಗ್ ತಲಾಲ್ ಅಣೆಕಟ್ಟನ್ನು ದಾಟಿ ಜೋರ್ಡಾನ್ ನದಿಯನ್ನು ಸೇರುತ್ತದೆ. ನಾವು ನಿಂತಲ್ಲಿ ನೀರು ಮೊಣಕಾಲಿಗಿಂತ ಮೇಲಿರಲಿಲ್ಲ. ದಡದಲ್ಲಿ ಕಣಗಿಲೆಯೂ ಆಪೂ ಬೆಳೆದಿದ್ದವು. ಇಪ್ಪತ್ತು ವರ್ಷದ ಹಿಂದೆ ಮೋಸಹೋಗಿದ್ದ ಅಣ್ಣ ಏಸಾವನು ನಾನೂರು ಜನರೊಂದಿಗೆ ಎದುರು ಬರುತ್ತಿದ್ದಾನೆಂದು ತಿಳಿದ ರಾತ್ರಿ ಯಾಕೋಬನು ಹೆಂಡಿರು ಮಕ್ಕಳನ್ನು ಇಂಥದೇ ಹಾಯಗಡವಿನಲ್ಲಿ ದಾಟಿಸಿ, ತಾನೊಬ್ಬನೇ ಉಳಿದು, ಬೆಳಗಿನವರೆಗೆ ಗುರುತಿಲ್ಲದವನೊಬ್ಬನೊಂದಿಗೆ ಹೋರಾಡಿ ಇಸ್ರಾಯೇಲ್ ಎಂಬ ಹೆಸರನ್ನು ಪಡೆದನು.

ಆ ಹೋರಾಟದ ಕುರಿತು ಎಷ್ಟೋ ಬರೆದಿದ್ದಾರೆ. ಹೊಳೆಯ ದಡದಲ್ಲಿ ಕುಳಿತು ಮಾವನವರಿಗೆ ನಾನು ಓದಿ ಹೇಳಿದ್ದು ಅದಕ್ಕಿಂತ ಮುಂಚಿನ ಕಾಣಿಕೆಯ ಪಟ್ಟಿಯನ್ನು. ಇನ್ನೂರು ಮೇಕೆಗಳು, ಇಪ್ಪತ್ತು ಹೋತಗಳು; ಇನ್ನೂರು ಕುರಿಗಳು, ಇಪ್ಪತ್ತು ಟಗರುಗಳು; ಮರಿಗಳೊಂದಿಗೆ ಹಾಲೂಡುವ ಮೂವತ್ತು ಒಂಟೆಗಳು; ನಲವತ್ತು ಆಕಳು, ಹತ್ತು ಹೋರಿಗಳು; ಇಪ್ಪತ್ತು ಹೆಣ್ಣುಕತ್ತೆಗಳು, ಹತ್ತು ಗಂಡುಕತ್ತೆಗಳು. ಒಂಟೆಯ ಮರಿಗಳನ್ನು ಬಿಟ್ಟು 550. ಮಾವನವರು ಟಗರಿನ ಲೆಕ್ಕವನ್ನು ಇನ್ನೊಮ್ಮೆ ಓದಿಸಿದರು. ಹತ್ತು ಹೆಣ್ಣಿಗೆ ಒಂದು ಗಂಡು ಎಂದರೆ ಕೊಯ್ದು ತಿನ್ನಲು ಕೊಟ್ಟ ಕಾಣಿಕೆಯಲ್ಲ, ಮುಂದಿನ ವರ್ಷ ಅಲ್ಲೇ ಬೆಳೆಯಲಿರುವ ಹಿಂಡು. ಅಣ್ಣನಿಂದ ಕಸಿದುಕೊಂಡ ಹಿರಿಮಗನ ಪಾಲನ್ನು ತಮ್ಮನು ಕುರಿಯ ರೂಪದಲ್ಲಿ ತಿರುಗಿ ಕೊಡುತ್ತಿದ್ದಾನೆ ಎಂದು ಅವರು ವಿವರಿಸಿದರು. ನನಗೆ ಇಷ್ಟು ವರ್ಷ ಹೊಳೆಯದೇ ಇದ್ದ ಅರ್ಥವಿದು. ಹಿಂಡು ಹಿಂಡಿಗೆ ನಡುವೆ ಅಂತರ ಬಿಡಿರಿ ಎಂದು ಯಾಕೋಬನು ಆಳುಗಳಿಗೆ ಹೇಳುವುದೂ ಅವರಿಗೆ ಬಲು ಮೆಚ್ಚುಗೆಯಾಯಿತು: ಧೂಳಿನ ಮೋಡ ಒಂದಾದ ಮೇಲೊಂದು ಏಳುವುದನ್ನು ಕಾಣುವವನ ಸಿಟ್ಟು ಅಷ್ಟಷ್ಟೇ ಇಳಿಯುತ್ತದೆ.

ಅಣ್ಣತಮ್ಮಂದಿರು ತಬ್ಬಿಕೊಂಡು ಅತ್ತ ಮೇಲೆ ಏಸಾವನು ಜೊತೆಯಾಗಿ ಹೋಗೋಣ ಎನ್ನುತ್ತಾನೆ. ಯಾಕೋಬನು ಕೊಡುವ ಉತ್ತರಕ್ಕಾಗಿಯೇ ನಾನು ಈ ದಾರಿಯನ್ನು ಹಿಡಿದಿದ್ದೆ. ಮಕ್ಕಳು ಎಳೆಯರು, ಹಾಲೂಡುವ ಕುರಿಗಳೂ ದನಗಳೂ ನನ್ನ ಮೇಲಿವೆ, ಒಂದೇ ದಿನ ಹೆಚ್ಚಾಗಿ ಹೊಡೆದರೆ ಹಿಂಡೆಲ್ಲ ಸತ್ತೀತು. ನನ್ನ ಮುಂದಿರುವ ದನಕುರಿಗಳ ನಡಿಗೆಗೂ ಮಕ್ಕಳ ನಡಿಗೆಗೂ ತಕ್ಕಂತೆ ನಾನು ಮೆಲ್ಲಗೆ ಬರುತ್ತೇನೆ. ಮೆಲ್ಲಗೆ ನಡೆಯುವ ಈ ಕ್ರಿಯೆಗೆ ಹೀಬ್ರೂವಿನಲ್ಲಿ ಬಳಸಿರುವ ಧಾತು ನ-ಹ-ಲ್. ದೇವರಾದ ಯೆಹೋವನನ್ನು ಕುರುಬನೆಂದು ಕರೆಯುವ 23ನೆಯ ಕೀರ್ತನೆಯಲ್ಲಿ ತಂಪಾದ ನೀರಿನ ಬಳಿಗೆ ಆತನು ನನ್ನನ್ನು ನಡೆಸುತ್ತಾನೆ ಎನ್ನುವಲ್ಲಿಯೂ ಇದೇ ಧಾತು ಬಂದಿದೆ. ಯೆಶಾಯನ 40ನೆಯ ಅಧ್ಯಾಯದಲ್ಲಿ, ಗಡೀಪಾರಾದ ಜನರನ್ನು ಊರಿಗೆ ಮರಳಿಸುವ ದೇವರು ಮರಿಗಳನ್ನು ಎದೆಗಪ್ಪಿಕೊಂಡು ಹಾಲೂಡುವವುಗಳನ್ನು ಮೆಲ್ಲಗೆ ನಡೆಸುತ್ತಾನೆ ಎನ್ನುವಾಗ ಈ ಧಾತುವಿನ ಜೊತೆಗೆ, ಹಾಲೂಡುವವು ಎಂಬುದಕ್ಕೆ ಯಾಕೋಬನು ಆಡಿದ ಆಲೋತ್ ಎಂಬ ಪದವೂ ಮರಳಿ ಬರುತ್ತದೆ. ದೇವರ ಕರುಣೆಗೆ ಈ ಜನ ಹುಡುಕಿಕೊಂಡ ಮಾತು ವಲಸೆಯ ದಾರಿಯಲ್ಲಿ ಎಳೆಮರಿಗಳ ಹಿಂದೆ ನಡೆದವನ ಬಾಯಿಂದ ಬಂದದ್ದೆಂದು ನಾನು ನಂಬುತ್ತೇನೆ.

ಮಧ್ಯಾಹ್ನ ಇಳಿಜಾರಿನಲ್ಲಿ ಹಿಂಡು ಸಾಕುವ ಅರಬರಾದ ಬೆದೂಯಿನ್ ಕುಟುಂಬವೊಂದು ಎದುರಾಯಿತು. ಮುಂದೆ ಕತ್ತೆ, ಅದರ ಎರಡೂ ಪಕ್ಕದ ಉಣ್ಣೆಯ ಜೋಳಿಗೆಗಳಿಂದ ಹುಟ್ಟಿ ಎರಡು ಮೂರು ದಿನವಾದ ಮರಿಗಳ ತಲೆಗಳು ಹೊರಗೆ ಇಣುಕುತ್ತಿದ್ದವು. ಬಲಗಡೆ ಮೂರು, ಎಡಗಡೆ ಎರಡು. ತೂಕ ಸರಿಹೋಗಲೆಂದು ಎಡಗಡೆಗೆ ನೀರಿನ ಡಬ್ಬ. ತಾಯಿಕುರಿಗಳು ಕತ್ತೆಯ ಪಕ್ಕ ಬಿಡದೆ ಅರಚುತ್ತ ನಡೆದಿದ್ದವು. ಮಾವನವರು ಮಾತಾಡದೆ ಒಂದು ಮರಿಯ ಮೂತಿಗೆ ಬೆರಳು ಕೊಟ್ಟರು, ಅದು ಚೀಪಿತು.

ಹೊಳೆಯು ಬಯಲಿಗೆ ಇಳಿಯುವಲ್ಲಿ ದೇರ್ ಅಲ್ಲಾ ಎಂಬ ದಿಬ್ಬವಿದೆ. ಯಾಕೋಬನು ದನಕುರಿಗಳಿಗೆ ಹಂದರ ಹಾಕಿದ್ದರಿಂದ ಸುಕ್ಕೋತ್, ಅಂದರೆ ಹಂದರಗಳು, ಎಂದು ಹೆಸರಾದ ಸ್ಥಳ ಇದೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕುರಿ ತಂಗಿದ ಜಾಗವೇ ಊರಿನ ಹೆಸರಾಗುವುದು ಗೊಲ್ಲರಹಟ್ಟಿ, ಕುರುಬರಹಟ್ಟಿಗಳ ನಾಡಿನಿಂದ ಬಂದ ನಮಗೆ ಹೊಸದಲ್ಲ.

ನಾಲ್ಕನೆಯ ದಿನ: ನಾಬ್ಲುಸ್

ಜೋರ್ಡಾನ್ ನದಿಯ ಗಡಿಯನ್ನು ದಾಟಲು ಅರ್ಧ ದಿನ ಹಿಡಿಯಿತು. ಸಂಜೆಗೆ ನಾಬ್ಲುಸ್ ಸೇರಿ, ಗ್ರೀಕ್ ಆರ್ಥೊಡಾಕ್ಸ್ ಚರ್ಚಿನ ನೆಲಮಾಳಿಗೆಯಲ್ಲಿರುವ ಯಾಕೋಬನ ಬಾವಿಯನ್ನು ನೋಡಿದೆವು. ಸುಮಾರು 40 ಮೀಟರ್ ಆಳದ ಬಾವಿ. ಹಾಕಿದ ನೀರು ಬುಡ ಮುಟ್ಟಿದ ಸದ್ದು ತಡವಾಗಿ ಕೇಳಿಸುತ್ತದೆ. ಹೀಬ್ರೂ ಗ್ರಂಥದಲ್ಲಿ ಈ ಬಾವಿಯ ಮಾತಿಲ್ಲ, ಅದು ಬರುವುದು ಯೋಹಾನನ ಸುವಾರ್ತೆಯಲ್ಲಿ. ಶೆಕೆಮ್ ಎಂಬ ಹಳೆಯ ಪಟ್ಟಣದ ದಿಬ್ಬ ಹತ್ತಿರದಲ್ಲಿಯೇ ಇದೆ. ಅಲ್ಲಿ ಯಾಕೋಬನು ನೂರು ಕೆಸಿಟಾ ಕೊಟ್ಟು ಹೊಲ ಕೊಂಡನು. ಕೆಸಿಟಾ ಎಂಬ ಈ ಹಣದ ಅಳತೆಯನ್ನು ಪ್ರಾಚೀನ ಗ್ರೀಕ್ ಅನುವಾದಕರು ಕುರಿಮರಿ ಎಂದೇ ಅನುವಾದಿಸಿದರು.

ಐದನೆಯ ದಿನ: ದೋತಾನ್

ಯಾಕೋಬನ ಮಗ, ಅಣ್ಣಂದಿರ ಕೈಯಿಂದಲೇ ಮಾರಾಟವಾದ ಯೋಸೇಫನ ಕಥೆಯನ್ನು ಬಣ್ಣದ ನಿಲುವಂಗಿಯ ಮತ್ತು ಕನಸುಗಳ ಕಥೆಯಾಗಿ ನಾವೆಲ್ಲ ಕೇಳಿದ್ದೇವೆ. ನಾಬ್ಲುಸಿನಿಂದ ಉತ್ತರಕ್ಕೆ, ಜೆನಿನ್ ಪಟ್ಟಣದ ದಾರಿಯಲ್ಲಿರುವ ದೋತಾನ್ ದಿಬ್ಬವನ್ನು ಹತ್ತಿ ನಿಂತಾಗ ಅದು ಮೇವಿನ ಕಥೆಯಾಗಿ ಕಂಡಿತು. ತಂದೆ ಇದ್ದದ್ದು ಹೆಬ್ರೋನಿನಲ್ಲಿ. ಹಿರಿಯ ಮಕ್ಕಳು ಹಿಂಡು ಹೊಡೆದುಕೊಂಡು ಸುಮಾರು 80 ಕಿಲೋಮೀಟರ್ ದೂರದ ಶೆಕೆಮಿಗೆ ಹೋಗಿದ್ದರು. ತಂಗಿ ದೀನಳ ಮಾನಭಂಗಕ್ಕೆ ಸೇಡಾಗಿ ಅವರು ಅದೇ ಊರಿನ ಗಂಡಸರನ್ನೆಲ್ಲ ಕೊಂದಿದ್ದರಾದ್ದರಿಂದ ತಂದೆಗೆ ಆತಂಕವಿದ್ದಿರಬೇಕು. ಹದಿನೇಳು ವರ್ಷದ ಯೋಸೇಫನನ್ನು ಕರೆದು ಅಣ್ಣಂದಿರ ಕ್ಷೇಮವನ್ನೂ ಹಿಂಡಿನ ಕ್ಷೇಮವನ್ನೂ ನೋಡಿಕೊಂಡು ಬಾ ಎಂದು ಕಳುಹಿಸಿದನು. ಹುಡುಗ ಬಂದು ನೋಡಿದರೆ ಹಿಂಡು ಅಲ್ಲಿಲ್ಲ. ಹೊಲದಲ್ಲಿ ಅಲೆಯುತ್ತಿದ್ದವನಿಗೆ ಯಾರೋ ಒಬ್ಬರು, ದೋತಾನಿಗೆ ಹೋಗೋಣ ಎಂದು ಅವರು ಮಾತಾಡಿಕೊಂಡದ್ದನ್ನು ಕೇಳಿದೆ ಎಂದರು. ಶೆಕೆಮಿನ ಇಕ್ಕಟ್ಟಾದ ಕಣಿವೆಗಿಂತ ದೋತಾನಿನ ಬಯಲು ಅಗಲವಾಗಿ ಹಸಿರಾಗಿದೆ. ಮೇವು ಹುಡುಕುವವರು ಅತ್ತ ಸರಿಯುವುದು ಸಹಜ. ಗಿಲ್ಯಾದಿನಿಂದ ಐಗುಪ್ತಕ್ಕೆ (ಈಜಿಪ್ಟ್) ಸುಗಂಧದ್ರವ್ಯ ಹೊತ್ತ ಒಂಟೆಗಳು ಹಾಯುತ್ತಿದ್ದ ದಾರಿಯೂ ಇದೇ ಬಯಲಿನಲ್ಲಿತ್ತು. ಶೆಕೆಮಿನಲ್ಲಿಯೇ ಮೇವು ಸಾಕಾಗಿದ್ದರೆ ಆ ಹುಡುಗನನ್ನು ಕೊಳ್ಳುವವರು ಎದುರಾಗುತ್ತಿರಲಿಲ್ಲ.

ಅವನನ್ನು ಇಳಿಸಿದ್ದು ಮಳೆನೀರು ಹಿಡಿಯಲು ಬಂಡೆಯಲ್ಲಿ ಕೊರೆದ ಗುಂಡಿಗೆ. ಬಾಯಿ ಕಿರಿದು, ಒಳಗೆ ಅಗಲ. ಬಿದ್ದವನು ತಾನಾಗಿ ಹತ್ತಲಾರ. ಅಂಥ ಹಳೆಯ ಗುಂಡಿಗಳು ಈ ಬೆಟ್ಟಸೀಮೆಯಲ್ಲಿ ಇಂದಿಗೂ ಹಲವೆಡೆ ಇವೆ. ಮಾರಿದ ಮೇಲೆ ಅಣ್ಣಂದಿರು ಮೇಕೆಯ ರಕ್ತದಲ್ಲಿ ಅದ್ದಿದ ಅಂಗಿಯನ್ನು ತಂದೆಗೆ ತೋರಿಸಿ, ಇದು ನಿನ್ನ ಮಗನದೋ ಅಲ್ಲವೋ ಗುರುತಿಸು ಎನ್ನುತ್ತಾರೆ. ಮೊದಲ ದಿನದ ಕಟ್ಟಳೆ ನನಗೆ ನೆನಪಾದದ್ದು ಇಲ್ಲಿ. ಮೃಗ ಸೀಳಿದ್ದಕ್ಕೆ ಸಾಕ್ಷಿ ತಂದ ಕುರುಬನು ದಂಡ ತೆರಬೇಕಿಲ್ಲ. ಕುರುಬರ ಮಕ್ಕಳು ಕುರುಬನ ಮುಂದೆ ಅದೇ ಕ್ರಮದಲ್ಲಿ ಸಾಕ್ಷಿಯಿಟ್ಟರು; ತಂದೆಯ ಬಾಯಿಂದ ಬಂದ ಉದ್ಗಾರವೂ, ಸೀಳಿದ್ದನ್ನು ನಿನ್ನ ಮುಂದೆ ತರಲಿಲ್ಲವೆಂದು ಅವನೇ ಲಾಬಾನನಿಗೆ ಹೇಳಿದಾಗ ಬಳಸಿದ ಧಾತುವಿನದೇ. ಕುರಿಯ ನಷ್ಟಕ್ಕೆ ಸಾಕ್ಷಿ ಕೊಡದೆ ತಾನೇ ತುಂಬಿದವನು, ಮಗನ ವಿಷಯದಲ್ಲಿ ಸುಳ್ಳು ಸಾಕ್ಷಿಯನ್ನು ನಂಬಿದನು. ಮಾವನವರು ಇದನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದು, "ರಕ್ತ ನೋಡಿದರೆ ಯಾವ ಜೀವದ್ದೆಂದು ಹೇಗೆ ಗೊತ್ತಾಗಬೇಕಪ್ಪ" ಎಂದರು.

ಆರನೆಯ ದಿನ: ಬೇತ್ಲೆಹೇಮ್, ಹೆಬ್ರೋನ್

ಯಾಕೋಬನ ಕುಟುಂಬವು ಬೇತೇಲಿನಿಂದ ದಕ್ಷಿಣಕ್ಕೆ ಹೊರಟಾಗ ರಾಹೇಲಳು ಗರ್ಭಿಣಿ. ಎಫ್ರಾತಕ್ಕೆ, ಅಂದರೆ ಬೇತ್ಲೆಹೇಮಿಗೆ, ಇನ್ನೂ ಸ್ವಲ್ಪ ದೂರವಿರುವಾಗಲೇ ಹೆರಿಗೆಯ ನೋವೆದ್ದು, ಮಗುವನ್ನು ಹೆತ್ತು ತೀರಿಕೊಂಡಳು. ಕುರಿಗಳಿಗಾಗಿ ಮೆಲ್ಲಗೆ ನಡೆದವನ ಹೆಂಡತಿ ದಾರಿಯಲ್ಲಿಯೇ ಹೋದಳೆಂಬುದನ್ನು ಗ್ರಂಥವು ಯಾವ ವ್ಯಾಖ್ಯಾನವೂ ಇಲ್ಲದೆ ನಾಲ್ಕೈದು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತದೆ. ಸತ್ತಲ್ಲಿಯೇ ಸಮಾಧಿ ಮಾಡಿ, ಕಲ್ಲು ನೆಟ್ಟು, ಅವನು ಮಿಗ್ದಲ್ ಏದೆರ್, ಅಂದರೆ ಹಿಂಡಿನ ಗೋಪುರದ ಆಚೆ ಗುಡಾರ ಹಾಕಿದನು. ಬೇತ್ಲೆಹೇಮಿನ ಉತ್ತರದ ಅಂಚಿನಲ್ಲಿ ಅವಳದೆಂದು ನಂಬುವ ಸಮಾಧಿಯಿದೆ. ಸುತ್ತ ಎತ್ತರವಾದ ಕಾಂಕ್ರೀಟ್ ಗೋಡೆ ನಿಂತಿರುವುದರಿಂದ ಊರಿನ ಕಡೆಯಿಂದ ನಮಗೆ ಕಂಡದ್ದು ಗೋಡೆ ಮಾತ್ರ.

ಉಳಿದವರ ಸಮಾಧಿ ಹೆಬ್ರೋನಿನ ಮಕ್ಪೇಲ ಗವಿಯಲ್ಲಿದೆ. ರಾಜ ಹೆರೋದನ ಕಾಲದ ಭಾರಿ ಕಲ್ಲಿನ ಗೋಡೆಗಳ ಆ ಕಟ್ಟಡವನ್ನು ಅಲ್ಲಿ ನಡೆದ 1994ರ ಹತ್ಯಾಕಾಂಡದ ನಂತರ ಮಸೀದಿಯ ಭಾಗ, ಯೆಹೂದ್ಯರ ಭಾಗ ಎಂದು ಪ್ರತ್ಯೇಕಿಸಲಾಗಿದೆ. ಮಾವನವರ ಮನಸ್ಸು ನಿಂತದ್ದು ಕೊಂಡುಕೊಂಡ ಬಗೆಯ ಮೇಲೆ. ಹೆಂಡತಿ ಸಾರಳು ತೀರಿಕೊಂಡಾಗ ಅಬ್ರಹಾಮನು ಊರಿನವರ ಮುಂದೆ, ನಾನು ನಿಮ್ಮಲ್ಲಿ ಪರದೇಶಿ, ಬಂದು ತಂಗಿದವನು ಎಂದು ಹೇಳಿ, 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು. ಜೀವಮಾನವೆಲ್ಲ ಆ ನಾಡಿನಲ್ಲಿ ಹಿಂಡು ಮೇಯಿಸಿದವನು ಕೊಂಡದ್ದೆಂದು ಹೇಳಿರುವ ನೆಲ ಈ ಸಮಾಧಿಯದು ಒಂದೇ.

ಏಳನೆಯ ದಿನ: ಬೇರ್ಷೆಬ

ಬೇರ್ಷೆಬದ ದಿಬ್ಬ 2005ರಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿ ಕಾಣುವ ಬೀದಿಗಳೂ ಉಗ್ರಾಣಗಳೂ ಕಬ್ಬಿಣಯುಗದ ಪಟ್ಟಣದವು, ಅಬ್ರಹಾಮ, ಅವನ ಮಗ ಇಸಾಕ, ಮೊಮ್ಮಗ ಯಾಕೋಬ ಇವರ ಕಾಲದವಲ್ಲ. ಹೆಬ್ಬಾಗಿಲಿನ ಹೊರಗೆ 69 ಮೀಟರ್ ಆಳದ ಬಾವಿಯಿದೆ. ಆ ಅಂಚಿನಲ್ಲಿ ಬಗ್ಗಿ ನೋಡಿದ ಮೇಲೆ ಇಸಾಕನ ಬಾವಿಗಳ ಜಗಳ ಚಿಕ್ಕದಾಗಿ ಕಾಣುವುದಿಲ್ಲ. ಗೆರಾರಿನ ಕುರುಬರು ನೀರು ನಮ್ಮದೆಂದು ಜಗಳವಾಡಿದಾಗ ಅವನು ಆ ಬಾವಿಗೆ ಏಸೆಕ್, ಜಗಳ, ಎಂದು ಹೆಸರಿಟ್ಟು ಬಿಟ್ಟುಕೊಟ್ಟನು, ಮುಂದಿನದು ಸಿಟ್ನಾ, ದ್ವೇಷ, ಅದನ್ನೂ ಬಿಟ್ಟನು, ಮೂರನೆಯದಕ್ಕೆ ಯಾರೂ ಬರಲಿಲ್ಲವಾದ್ದರಿಂದ ರೆಹೋಬೋತ್, ವಿಶಾಲಸ್ಥಳ, ಎಂದನು. ಇಂಥ ನೆಲದಲ್ಲಿ ತೋಡಿದ ಬಾವಿಯನ್ನು ಎರಡು ಸಲ ಬಿಟ್ಟು ನಡೆದವನ ತಾಳ್ಮೆಗೆ ನನ್ನಲ್ಲಿ ಅಪಾರ ಗೌರವವಿದೆ.

ಮುದುಕನಾದ ಯಾಕೋಬನು ಬರಗಾಲದಲ್ಲಿ ಐಗುಪ್ತಕ್ಕೆ ಹೊರಟಾಗ ಕಾನಾನಿನ ಗಡಿಯಾದ ಇಲ್ಲಿ ನಿಂತು ಯಜ್ಞ ಮಾಡಿದನು. ಇಲ್ಲಿಂದ ಅವನನ್ನೂ ಹೆಂಗಸರು ಮಕ್ಕಳನ್ನೂ ಐಗುಪ್ತದ ಅರಸ ಫರೋಹನು ಕಳುಹಿಸಿದ ಬಂಡಿಗಳಲ್ಲಿ ಕರೆದೊಯ್ದರು. ಈ ಕುಟುಂಬದ ಇಷ್ಟೊಂದು ವಲಸೆಗಳಲ್ಲಿ ಬಂಡಿಯ ಮಾತು ಬರುವುದು ಇದೇ ಮೊದಲು. ಫರೋಹನು ಕಸುಬು ಕೇಳಿದಾಗ ಮಕ್ಕಳು, ನಾವೂ ನಮ್ಮ ಹಿರಿಯರೂ ಕುರಿ ಕಾಯುವವರು ಎಂದರು. ಐಗುಪ್ತದವರಿಗೆ ಕುರುಬರು ಅಸಹ್ಯವೆಂದು, ಅಷ್ಟರಲ್ಲಿ ಅಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಯೋಸೇಫನು ಮೊದಲೇ ಎಚ್ಚರಿಸಿದ್ದರೂ ಮುಚ್ಚಿಡಲಿಲ್ಲ. ಆ ಮಾತಿನಿಂದಲೇ ಐಗುಪ್ತದ ಗೋಷೆನ್ ಸೀಮೆ ಅವರಿಗೆ ದೊರೆಯಿತು.

ಸಂಜೆ ದಿಬ್ಬದ ಕೆಳಗೆ ಬೆದೂಯಿನ್ ಹೆಂಗಸೊಬ್ಬಳು ಹಿಂಡನ್ನು ರೊಪ್ಪಕ್ಕೆ ತುಂಬುತ್ತಿದ್ದಳು. ಕಿರಿದಾದ ಬಾಗಿಲಿಗೆ ಅಡ್ಡಲಾಗಿ ಕೋಲು ಹಿಡಿದು, ಕುರಿಗಳನ್ನು ಅದರ ಕೆಳಗೆ ಒಂದೊಂದಾಗಿ ಬಿಡುತ್ತ ತುಟಿಯಲ್ಲೇ ಎಣಿಸುತ್ತಿದ್ದಳು. ಯಾಜಕಕಾಂಡವು ದಶಮಾಂಶದ ಲೆಕ್ಕಕ್ಕೆ ಹೇಳುವ ಕೋಲಿನ ಕೆಳಗೆ ಹಾಯುವಿಕೆ ಇದೇ. ನಮ್ಮ ಬಾಡಿಗೆ ಕಾರಿನವರು ಕತ್ತಲಾಗುತ್ತದೆ ಎಂದು ಅವಸರ ಮಾಡಿದರೂ ಮಾವನವರು ಕದಲದೆ ತಾವೂ ಕನ್ನಡದಲ್ಲಿ ಎಣಿಸುತ್ತ ನಿಂತರು. ಎಂಬತ್ತೇಳಕ್ಕೆ ಇಬ್ಬರೂ ನಿಲ್ಲಿಸಿದರು. ಆಕೆ ಬಾಗಿಲು ಹಾಕದೆ ಇಳಿಜಾರಿನತ್ತ ನೋಡುತ್ತಿದ್ದಳು; ಕುಂಟುವ ಕುರಿಯೊಂದು ಮರಿಯೊಂದಿಗೆ ಇನ್ನೂ ಕೆಳಗಿತ್ತು.

ಅಲ್ಲಿ ಕಾಯುತ್ತಿದ್ದಾಗ ನಾನು ಮಾವನವರಿಗೆ ವಿಮೋಚನಾಕಾಂಡದ ಒಂದು ಮಾತನ್ನು ಹೇಳಿದೆ. ಗೋಷೆನಿನಲ್ಲಿ ನೆಲೆನಿಂತವರ ಮೊಮ್ಮಕ್ಕಳ ಮಕ್ಕಳು ದಾಸರಾದರು; ಅವರನ್ನು ಬಿಡಿಸಲು ಬಂದ ಮೋಶೆಯೂ ಮಿದ್ಯಾನಿನಲ್ಲಿ ಮಾವನ ಕುರಿ ಕಾಯ್ದವನೇ. ಕೊನೆಗೆ ಫರೋಹನು ಸೋತು, ನೀವೂ ನಿಮ್ಮ ಮಕ್ಕಳೂ ಹೋಗಿರಿ, ದನಕುರಿಗಳನ್ನು ಮಾತ್ರ ಇಲ್ಲಿ ಬಿಡಿರಿ ಎಂದನು. ಮೋಶೆಯು ಒಪ್ಪಲಿಲ್ಲ. "ಏನೆಂದನು?" ಎಂದು ಮಾವನವರು ಕೇಳಿದರು, ಕಣ್ಣು ಇಳಿಜಾರಿನ ಮೇಲೆಯೇ ಇತ್ತು.

"ನಮ್ಮ ಪಶುಗಳೂ ನಮ್ಮೊಂದಿಗೆ ಬರಬೇಕು, ಒಂದು ಗೊರಸೂ ಹಿಂದೆ ಉಳಿಯಕೂಡದು ಎಂದನು ಮಾವ" ಎಂದೆ.

ಮಾವನವರು ಇಳಿದುಹೋಗಿ ಆ ಮರಿಯನ್ನು ಎತ್ತಿಕೊಂಡರು. ಕುರಿ ಅವರ ಹಿಂದೆ ಮೆಲ್ಲಗೆ ಹತ್ತಿ ಬಂತು.